ಕೊಕ್ಕರೆ ಮುದ್ರೆಗೆ ತೆರೆದ ಕೋಡಿ ಬಾಗಿಲು

ತೊರೆನಾಡು ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಮಲ್ಲರಸ ಅಂತ ಒಬ್ಬ ದೊರೆ. ದೊರೆಗೆ ಅರಮನೆ ಇತ್ತು, ಆನೆ ಇತ್ತು, ಕುದುರೆ ಇತ್ತು. ಆದರೆ ಜನ ಉಣ್ಣೋ ಅನ್ನ ಅರಮನೆಯಿಂದ ಬರುತ್ತಿರಲಿಲ್ಲ, ಕೆರೆಯಿಂದ ಬರುತ್ತಿತ್ತು. ಹಿರೇಕೆರೆ ಅಂತ ಅದರ ಹೆಸರು. ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳದು, ಅಷ್ಟು ದೊಡ್ಡದು. ಅದರ ಏರಿಯ ಕೆಳಗೆ ಹದಿನೆಂಟು ಹಳ್ಳಿ.

ಆ ಕೆರೆಗೆ ಮಾರಕ್ಕ ಅಂತ ಒಬ್ಬ ಹೆಂಗಸು ನೀರಗಂಟಿ. ನೀರಗಂಟಿ ಅಂದರೆ ಯಾರ ಗದ್ದೆಗೆ ಎಷ್ಟು ನೀರು, ಯಾವ ತೂಬು ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ನೋಡಿಕೊಳ್ಳೋರು. ಮಾವನಿಂದ ಗಂಡನಿಗೆ ಬಂದ ಕೆಲಸ. ಆಗೆಲ್ಲ ತೂಬಿಗೆ ಕಲ್ಲಿನ ಬಿರಡೆ ಇರುತ್ತಿತ್ತು. ಬಿರಡೆ ಎತ್ತಬೇಕಾದರೆ ಆಳು ನೀರಿಗೆ ಮುಳುಗಬೇಕು. ಮಾರಕ್ಕನ ಗಂಡ ಒಂದು ದಿನ ಮುಳುಗಿದ, ಮೇಲೆ ಏಳಲಿಲ್ಲ. ಅವತ್ತಿನಿಂದ ಕೆಲಸ ಮಾರಕ್ಕನ ಪಾಲಿಗೆ ಬಂತು.

ಹೀಗಿರುವಾಗ ಮೂಡಣ ಬೆಟ್ಟದ ಆಚೆಯಿಂದ ಕುಶಲಸೇನ ಅನ್ನೋ ಯಂತ್ರದವನು ಬಂದ. ಹೆಗಲಿಗೆ ಜರಿಯ ಶಾಲು, ಬಾಯಲ್ಲಿ ಜೇನಿನಂಥ ಮಾತು. "ಪ್ರಭು, ಇನ್ನು ಯಾರೂ ಮುಳುಗಬೇಕಾಗಿಲ್ಲ. ನಾನು ಕಂಚಿನ ಬಾಗಿಲು ಮಾಡಿಕೊಡುತ್ತೇನೆ. ಸರಪಳಿ ಎಳೆದರೆ ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ," ಅಂದ.

ದೊರೆ ಒಪ್ಪಿದ. ಮಾರಕ್ಕನಿಗೂ ಸಂತೋಷವೇ ಆಯಿತು. ತನ್ನ ಹಾಗೆ ಇನ್ನೊಬ್ಬಳು ದಡದಲ್ಲಿ ಕೂತು ನೀರಿನ ಗುಳ್ಳೆ ನೋಡೋದು ತಪ್ಪಿತಲ್ಲ ಅಂದುಕೊಂಡಳು.

ಮೂರು ಬಾಗಿಲು ಬಂದವು. ಮೂಡಲ ತೂಬಿಗೆ ಒಂದು, ನಡುತೂಬಿಗೆ ಒಂದು. ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಎಲ್ಲಕ್ಕಿಂತ ದೊಡ್ಡದು. ಒಂದೊಂದು ಬಾಗಿಲ ತಲೆಯ ಮೇಲೂ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಗಾಲಿ, ಗಾಲಿಯ ಪಕ್ಕ ತಾಮ್ರದ ತಗಡು. ಯಾವಾಗ ಏನು ಮಾಡಬೇಕು ಅನ್ನೋದನ್ನು ಕುಶಲಸೇನ ಆ ತಗಡಿನ ಮೇಲೆ ಕೊರೆದಿದ್ದ. ಸರಪಳಿ ಎಳೆಯೋಳು ನೀರಗಂಟಿ. ಆದರೆ ಬಾಗಿಲು ಕೇಳೋದು ತಗಡಿನ ಮಾತು.

ಕೋಡಿ ಬಾಗಿಲಿಗೆ ಸರಪಳಿ ಇರಲಿಲ್ಲ. ಅದು ಯಾರೆಂದರೆ ಅವರಿಗೆ ತೆರೆಯಬಾರದು ಅಂತ ಪೆಟ್ಟಿಗೆಗೆ ಒಂದು ಗೂಡು ಮಾಡಿದ್ದ. ಆ ಗೂಡಿನಲ್ಲಿ ತೊರೆನಾಡಿನ ಮೀನಿನ ಮುದ್ರೆ ಇಟ್ಟರೆ ಬಾಗಿಲು ಏಳುತ್ತದೆ. ಮುದ್ರೆ ಇರೋವರೆಗೆ ಮೇಲೆ ನಿಂತಿರುತ್ತದೆ, ತೆಗೆದರೆ ಬೀಳುತ್ತದೆ. ಮೊದಲ ದಿನ ದೊರೆಯ ಎದುರಿಗೆ ಕುಶಲಸೇನ ತಾನೇ ಮುದ್ರೆ ಇಟ್ಟ. "ವಿದ್ಯೆಯ ಗುಟ್ಟು," ಅಂತ ಕೈ ಮೇಲೆ ಶಾಲು ಹೊದಿಸಿಕೊಂಡಿದ್ದ. ಬಾಗಿಲು ಪೂರಾ ಎದ್ದಿತು. ಜನ ಕೈಮುಗಿದರು. ಹಳೇ ಕಲ್ಲಿನ ಕೋಡಿಯನ್ನು ಗಾರೆ ಹಾಕಿ ಮುಚ್ಚಿಸಿದರು.

ಏರಿಯಿಂದ ಹೊರಡುವ ಮುಂಚೆ ಕುಶಲಸೇನ ಮೂರು ಪೆಟ್ಟಿಗೆಗೂ ಅರಗಿನ ಮೊಹರು ಹಾಕಿದ. ಮೊಹರು ಒಡೆದವರ ಕೈ ಕತ್ತರಿಸಬೇಕು ಅಂತ ದೊರೆಯಿಂದ ಡಂಗುರ ಸಾರಿಸಿದ. ಆಸ್ಥಾನದಲ್ಲೇ ಒಂದು ಪೀಠ ಪಡೆದು ಕೂತ.

ಒಂದು ತಿಂಗಳಾಯಿತು. ಮೂಡಲ ತೂಬಿನ ಪೆಟ್ಟಿಗೆಯ ಮೇಲೆ ಒಂದು ಮುಳ್ಳು ಇತ್ತು, ಕೆರೆಯಲ್ಲಿ ನೀರೆಷ್ಟು ಅಂತ ತೋರಿಸೋಕೆ. ಮಾರಕ್ಕ ನೋಡಿದಳು, ಕೆರೆ ಅರ್ಧ ದಾಟಿದ ಮೇಲೆ ಮುಳ್ಳು ಇರೋ ನೀರಿಗಿಂತ ಒಂದು ಮೊಳ ಕಮ್ಮಿ ತೋರಿಸುತ್ತಿತ್ತು. ಕುಶಲಸೇನನ ಹತ್ತಿರ ಹೋದಳು.

"ಸ್ವಾಮಿ, ಮುಳ್ಳು ಸುಳ್ಳು ಹೇಳ್ತಾ ಇದೆ."

"ಮುಳ್ಳು ಸರಿಯಾಗಿದೆ," ಅಂದ ಅವನು. "ನಿನ್ನ ಕಣ್ಣು ಸರಿಯಿಲ್ಲ."

ಮಾರಕ್ಕ ತಿರುಗಿ ಬಂದಳು. ಒಂದು ಜಾಲಿ ಗಳು ಕಡಿದು, ಮೊಳಕ್ಕೊಂದು ಗೀರು ಹಾಕಿ, ಏರಿಯ ಒಳಬದಿ ನೀರಿನಲ್ಲಿ ನೆಟ್ಟಳು. ಅವತ್ತಿನಿಂದ ಮುಳ್ಳು ನೋಡೋದು ಬಿಟ್ಟು ಗಳು ನೋಡಿದಳು.

ಇನ್ನೊಂದು ತಿಂಗಳಾಯಿತು. ನಡುತೂಬಿನ ಸರಪಳಿಯನ್ನು ಒಂದು ಸಲ ಎಳೆದರೆ ತೆರೆಯಬೇಕು, ಇನ್ನೊಂದು ಸಲ ಎಳೆದರೆ ಮುಚ್ಚಬೇಕು. ಆದರೆ ಕೆಲವು ದಿನ ಎರಡನೇ ಸಲ ಎಳೆದರೆ ಬಾಗಿಲು ಅಲ್ಲೇ ಕಚ್ಚಿಕೊಂಡು ದಿನವಿಡೀ ಅಲ್ಲಾಡುತ್ತಿರಲಿಲ್ಲ. ಮಾರಕ್ಕ ಮತ್ತೆ ಹೋದಳು.

"ಸ್ವಾಮಿ, ನಡುತೂಬು ಕಚ್ಚಿಕೊಳ್ತದೆ."

"ಪೆಟ್ಟಿಗೆ ಸರಿಯಾಗಿದೆ. ನಿನ್ನ ಕೈ ಸರಿಯಿಲ್ಲ."

ಮಾರಕ್ಕ ಪೆಟ್ಟಿಗೆಗೆ ಕಿವಿಯಿಟ್ಟು ಮೂರು ದಿನ ಕೂತಳು. ಬಾಗಿಲು ನಿಂತ ಮೇಲೂ ಒಳಗೆ ಗಾಲಿ ಕಟಕಟ ಅನ್ನುತ್ತಿತ್ತು. ಆ ಸದ್ದು ಅಡಗುವ ಮುಂಚೆ ಎಳೆದರೆ ಕಚ್ಚುತ್ತದೆ, ಅಡಗಿದ ಮೇಲೆ ಎಳೆದರೆ ಇಲ್ಲ. ಅಲ್ಲಿಂದ ಮುಂದೆ ಒಂದು ಸಲ ಎಳೆದು, ಬೀಸೋ ಕಲ್ಲಿನ ಪದ ಒಂದು ಪೂರ್ತಿ ಹೇಳಿ, ಆಮೇಲೆ ಇನ್ನೊಂದು ಸಲ ಎಳೆಯೋಳು. ಹಾದಿಹೋಕರು, "ಮಾರಕ್ಕ ತೂಬಿಗೆ ಜೋಗುಳ ಹಾಡ್ತಾಳೆ," ಅಂತ ನಕ್ಕರು. ತೂಬು ಮಾತ್ರ ಮತ್ತೆ ಕಚ್ಚಲಿಲ್ಲ.

ಮೂರನೇ ತಿಂಗಳು ಮಳೆ ಹಿಡಿಯಿತು. ಮಾರಕ್ಕ ತನ್ನ ಕೈಗೆ ಕೊಟ್ಟಿದ್ದ ಮೀನಿನ ಮುದ್ರೆ ತಂದು ಕೋಡಿ ಬಾಗಿಲ ಗೂಡಿನಲ್ಲಿ ಇಟ್ಟಳು. ಬಾಗಿಲು ಒಂದು ಗೇಣು ಎದ್ದು ನಿಂತಿತು. ತೆಗೆದು ಮತ್ತೆ ಇಟ್ಟಳು. ಒಂದೇ ಗೇಣು. ಕುಶಲಸೇನನ ಹತ್ತಿರ ಓಡಿದಳು.

"ಸ್ವಾಮಿ, ಕೋಡಿ ಬಾಗಿಲು ಒಂದು ಗೇಣಿನ ಮೇಲೆ ಏಳೋದಿಲ್ಲ. ದೊಡ್ಡ ಮಳೆ ಬಂದರೆ ಏರಿ ಒಡೀತದೆ. ಕೆಳಗೆ ಹದಿನೆಂಟು ಹಳ್ಳಿ ಇದಾವೆ. ಪೆಟ್ಟಿಗೆ ಬಿಚ್ಚಿ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಕುಶಲಸೇನನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಅಂದ, "ಬಾಗಿಲು ಸರಿಯಾಗಿದೆ. ನಿನ್ನ ತಲೆ ಸರಿಯಿಲ್ಲ. ಇನ್ನೊಂದು ಸಲ ಈ ಮಾತು ಎತ್ತಿದರೆ ಆ ತಲೆ ಇರೋದೂ ಇಲ್ಲ."

ಮಾರಕ್ಕ ವಾಪಸು ಬಂದು ಕೋಡಿ ಬಾಗಿಲ ಎದುರಿಗೆ ಕೂತಳು. ಮೊಹರು ಒಡೆಯೋ ಹಾಗಿಲ್ಲ, ಒಡೆದರೂ ತಗಡು ಓದೋಕೆ ಬರೋದಿಲ್ಲ. ಬಾಗಿಲನ್ನೇ ಮೇಲಿಂದ ಕೆಳಕ್ಕೆ ಸವರಿದಳು. ಬಾಗಿಲ ಮೇಲೆ ಕೊರೆದಿದ್ದ ಮೀನಿನ ಲಾಂಛನದ ಕೆಳಗೆ ಕಂಚು ಸ್ವಲ್ಪ ತಗ್ಗಾಗಿತ್ತು, ಅರದಿಂದ ಉಜ್ಜಿದ ಹಾಗೆ. ಒಲೆಯ ಬೂದಿ ತಂದು ತಿಕ್ಕಿದಳು. ಬೂದಿ ಗೀರುಗಳಲ್ಲಿ ಕೂತು ಒಂದು ಚಿತ್ರ ಮೂಡಿತು. ಉದ್ದ ಕೊಕ್ಕು, ಒಂಟಿ ಕಾಲು. ಕೊಕ್ಕರೆ.

ಕೊಕ್ಕರೆ ಮೂಡಣ ದೊರೆಯ ಲಾಂಛನ. ಹತ್ತು ವರ್ಷದ ಹಿಂದೆ ಮಲ್ಲರಸನ ಅಣ್ಣನನ್ನು ಯುದ್ಧದಲ್ಲಿ ಕೊಂದವನು ಅವನೇ. ಆ ಗುರುತು ಇಟ್ಟುಕೊಂಡವರಿಗೆ ತೊರೆನಾಡಿನಲ್ಲಿ ತಲೆದಂಡ.

ಮಾರಕ್ಕ ಇಡೀ ಮಧ್ಯಾಹ್ನ ಯೋಚನೆ ಮಾಡಿದಳು. ಬಾಗಿಲನ್ನು ಬೇರೆಯವರಿಗೆ ಅಂತ ಮಾಡಿದ್ದಾರೆ. ಮೇಲೆ ಮೀನು ಕೊರೆದರೂ ಒಳಗಿನ ತಗಡಿಗೆ ಕೊಕ್ಕರೆಯೇ ಗೊತ್ತು. ಯಜಮಾನ ಬಂದಿದ್ದಾನೆ ಅಂತ ಅದಕ್ಕೆ ನಂಬಿಸಬೇಕು. ಹುಣಸೆ ಕಟ್ಟಿಗೆಯ ಒಂದು ತುಂಡು ತಗೊಂಡು, ಕುಡುಗೋಲಿನ ತುದಿಯಿಂದ ಕೊಕ್ಕರೆ ಕೆತ್ತಿ, ಗೂಡಿನಲ್ಲಿ ಇಟ್ಟಳು.

ಕೋಡಿ ಬಾಗಿಲು ಒಂದು ಸದ್ದೂ ಮಾಡದೆ ಪೂರಾ ಎದ್ದಿತು.

ಆ ವರ್ಷ ಮಳೆ ಜೋರಾದಾಗಲೆಲ್ಲ ಮಾರಕ್ಕ ಮರದ ಮುದ್ರೆ ಇಡೋಳು, ನೀರು ಇಳಿದ ಮೇಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳೋಳು. ಯಾರಿಗೂ ಹೇಳಲಿಲ್ಲ. ದೊರೆಗೆ ಹೇಳೋಣ ಅಂತ ಎರಡು ಸಲ ಅರಮನೆ ಬಾಗಿಲವರೆಗೆ ಹೋದಳು. ಕೊಕ್ಕರೆ ಅಂದ ಕೂಡಲೇ ಮುಂದಿನ ಮಾತು ಯಾರು ಕೇಳ್ತಾರೆ ಅಂತ ಹೆದರಿ ವಾಪಸು ಬಂದಳು.

ಉತ್ತರೆ ಮಳೆ ಶುರುವಾಯಿತು. ಒಂದು ದಿನ ಕುಶಲಸೇನ ಕುದುರೆ ಮೇಲೆ ಏರಿಯ ಕಡೆ ಬಂದ. ಕೋಡಿ ಬಾಗಿಲು ಪೂರಾ ಎದ್ದು ನಿಂತಿತ್ತು. ಮೀನಿನ ಮುದ್ರೆಗೆ ಅದು ಹಾಗೆ ಏಳೋದಿಲ್ಲ ಅಂತ ಅವನಿಗೆ ಗೊತ್ತಿತ್ತು. ಗೂಡಿನೊಳಗೆ ಇಣುಕಿದ. ಹುಣಸೆ ಕಟ್ಟಿಗೆಯ ಕೊಕ್ಕರೆ ಕಂಡಿತು. ಈ ವಿಷಯ ದೊರೆಗೆ ತಿಳಿದರೆ ಮೊದಲು ಹೋಗೋದು ತನ್ನ ತಲೆ ಅಂತ ಲೆಕ್ಕ ಹಾಕಿ, ಅವಳಿಗಿಂತ ಮುಂಚೆ ತಾನೇ ಹೋಗಿ, ಮಾರಕ್ಕ ಶತ್ರುವಿನ ಮುದ್ರೆ ಇಟ್ಟುಕೊಂಡಿದ್ದಾಳೆ ಅಂತ ದೊರೆಗೆ ದೂರು ಹೇಳಿದ.

ಮಾರನೇ ದಿನ ಬೆಳಿಗ್ಗೆ ಸೈನಿಕರು ಬಂದು ಮುದ್ರೆ ಕಿತ್ತುಕೊಂಡರು. ಬಾಗಿಲು ಧಡ್ ಅಂತ ಬಿತ್ತು. ಮಾರಕ್ಕನ ಕೈ ಕಟ್ಟಿ ಎಳೆದುಕೊಂಡು ಹೊರಟರು. ಅವಳು ತಿರುಗಿ ಒಂದು ಸಲ ಕೆರೆಗೆ ನೀರು ಬರೋ ಪಡುವಣ ಗುಡ್ಡ ನೋಡಿದಳು. ಗುಡ್ಡ ಕಾಣಲಿಲ್ಲ. ಅಲ್ಲಿ ಬರೀ ಕಪ್ಪು ಮೋಡ. ಏರಿಯ ಕೆಳಗಿನ ಮೊದಲನೇ ಹಳ್ಳಿ ತೂಬಿನಕೇರಿ. ಅಲ್ಲಿ ಅವಳ ಮಗಳು ಚಿಕ್ಕೀರಿ ಹನ್ನೊಂದು ದಿನದ ಬಾಣಂತಿ.

ಆಸ್ಥಾನದಲ್ಲಿ ಮಲ್ಲರಸ ಆ ಮರದ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿದ, "ಮಾರಕ್ಕ, ಇದು ನಿನ್ನದೇ ಏನು?"

"ನಂದೇ, ಬುದ್ಧಿ."

"ಇದು ಯಾರ ಗುರುತು ಗೊತ್ತಾ?"

"ಮೂಡಣ ದೊರೆಯದು."

"ಮತ್ತೆ ಯಾಕೆ ಕೆತ್ತಿದೆ?"

"ಬಾಗಿಲಿಗೆ ಅದೇ ಬೇಕಾಗಿತ್ತು, ಬುದ್ಧಿ."

ಕುಶಲಸೇನ ಪೀಠದಿಂದ ಎದ್ದ. "ಕೇಳಿದಿರಾ ಪ್ರಭು? ಶತ್ರುವಿಗೆ ನಮ್ಮ ಕೆರೆ ಒಪ್ಪಿಸೋಕೆ ಹೊರಟವಳು ಬಾಗಿಲ ಮೇಲೆ ತಪ್ಪು ಹೊರಿಸುತ್ತಾಳೆ. ಬಾಗಿಲಿಗೇನು ಬಾಯಿ ಉಂಟೆ, ಇಂಥದ್ದು ಬೇಕು ಅನ್ನೋಕೆ?"

ಆಗ ಏರಿಯ ಕಾವಲಿನವನು ಒಬ್ಬ ನೆನೆದು ತೊಪ್ಪೆಯಾಗಿ ಒಳಗೆ ಬಂದ. "ಮಹಾಸ್ವಾಮಿ, ಗುಡ್ಡದ ಕಡೆಯಿಂದ ಕೆಂಪು ನೀರು ನುಗ್ಗಿ ಬರ್ತಾ ಇದೆ. ಏರಿಯ ತಲೆಗೆ ಇನ್ನು ಎರಡು ಮೊಳ ಉಳಿದಿದೆ ಅಂತ ಮುಳ್ಳು ತೋರಿಸ್ತದೆ."

"ಎರಡು ಮೊಳ ಇದ್ದರೆ ಸಾಯಂಕಾಲದವರೆಗೆ ಚಿಂತೆಯಿಲ್ಲ," ಅಂದ ಕುಶಲಸೇನ. "ಮೊದಲು ಈ ವಿಚಾರಣೆ ಮುಗಿಯಲಿ."

ಮಾರಕ್ಕ ಬಗ್ಗಿ ನೆಲಕ್ಕೆ ಹಣೆ ಹಚ್ಚಿದಳು. "ಒಂದೇ ಮೊಳ, ಬುದ್ಧಿ. ಮುಳ್ಳು ಒಂದು ಮೊಳ ಸುಳ್ಳು ಹೇಳ್ತದೆ. ನನ್ನ ತಲೆ ಎಲ್ಲಿಗೂ ಓಡಿಹೋಗಲ್ಲ, ನಾಳೆ ತೆಗೀಬಹುದು. ನನ್ನ ಮಾತೂ ನಂಬಬೇಡಿ. ಏರಿಗೆ ಬಂದು ನಾನು ನೆಟ್ಟಿರೋ ಗಳು ನೋಡಿ ಸಾಕು."

ಮಲ್ಲರಸ ಒಳ್ಳೇ ದೊರೆ, ಆದರೆ ಬೇಗ ನಂಬೋ ದೊರೆ. ನಂಬಿ ನಂಬಿ ಎಷ್ಟೋ ಸಲ ಪೆಟ್ಟು ತಿಂದಿದ್ದ. ಇವತ್ತು ಯಾಕೋ ನೋಡೇಬಿಡೋಣ ಅನ್ನಿಸಿತು. ಎದ್ದ. ಆಸ್ಥಾನವೇ ಅವನ ಹಿಂದೆ ಏರಿಗೆ ಬಂತು.

ಗಳಿನ ಮೇಲೆ ಉಳಿದಿದ್ದದ್ದು ಒಂದೇ ಗೀರು. ದೊರೆ ನೋಡುತ್ತಿರುವಾಗಲೇ ನೀರು ಅದರ ಕಡೆ ಇನ್ನೊಂದು ಬೆರಳು ಏರಿತು.

"ತೂಬು ತೆಗೀರಿ," ಅಂದ ದೊರೆ.

ಕುಶಲಸೇನ ಮೂಡಲ ತೂಬು ತೆಗೆದ. ಅದು ಚಿಕ್ಕದು, ಬಾನಿಯ ನೀರನ್ನು ಸೌಟಿನಲ್ಲಿ ಮೊಗೆದ ಹಾಗಾಯಿತು. ನಡುತೂಬಿಗೆ ಓಡಿದ. ಸರಪಳಿ ಎಳೆದ. ಬಾಗಿಲು ನಿಧಾನಕ್ಕೆ ಏಳುತ್ತಿತ್ತು, ಅವನಿಗೆ ತಾಳ್ಮೆಯಿಲ್ಲ, ಮತ್ತೆ ಎಳೆದ, ಮತ್ತೂ ಎಳೆದ. ಒಳಗೆ ಕಟಕ್ ಅಂದಿತು. ಬಾಗಿಲು ಕಚ್ಚಿಕೊಂಡಿತು.

ಇನ್ನು ಉಳಿದದ್ದು ಕೋಡಿ ಬಾಗಿಲು ಒಂದೇ.

"ಮಾರಕ್ಕ, ನೀನು ತೆಗಿ," ಅಂದ ದೊರೆ.

"ಯಾವುದರಲ್ಲಿ ತೆಗೀಲಿ, ಬುದ್ಧಿ? ಮೀನಿನ ಮುದ್ರೆ ಇಟ್ಟರೆ ಒಂದು ಗೇಣು ಏಳ್ತದೆ. ಕೊಕ್ಕರೆ ಇಟ್ಟರೆ ಪೂರಾ ಏಳ್ತದೆ."

"ಸುಳ್ಳು," ಅಂದ ಕುಶಲಸೇನ. "ಮೀನಿಗೇ ಪೂರಾ ಏಳುತ್ತದೆ. ಮೊದಲ ದಿನ ಪ್ರಭುಗಳೇ ಕಣ್ಣಾರೆ ನೋಡಿದ್ದಾರೆ."

ಆ ಮಾತು ಕಿವಿಗೆ ಬಿದ್ದದ್ದೇ ಮಾರಕ್ಕನಿಗೆ ಏನೋ ಹೊಳೆಯಿತು. ಹೌದು, ಮೊದಲ ದಿನ ಪೂರಾ ಎದ್ದಿತ್ತು. ಮೀನಿಗೆ ಏಳದ ಬಾಗಿಲು ಅವತ್ತು ಹೇಗೆ ಎದ್ದಿತು? ಶಾಲಿನ ಕೆಳಗೆ ಅವನ ಕೈಯಲ್ಲಿ ಏನಿತ್ತು?

ಮರದ ಮುದ್ರೆ ಕೇಳಿ ಇಸಕೊಂಡರೆ ಈಗಲೇ ಬಾಗಿಲು ಏಳುತ್ತದೆ, ಚಿಕ್ಕೀರಿ ಉಳಿಯುತ್ತಾಳೆ, ಕೂಸು ಉಳಿಯುತ್ತದೆ. ಆದರೆ ಬಾಗಿಲಿಗೆ ಕೊಕ್ಕರೆ ಕಲಿಸಿದವಳು ಇವಳೇ ಅಂತ ಕುಶಲಸೇನ ಅನ್ನುತ್ತಾನೆ, ನಾಳೆ ತನ್ನ ತಲೆ ಹೋಗುತ್ತದೆ. ನಾಡಿದ್ದು ಬರುವ ನೀರಗಂಟಿಯ ಕೈಗೆ ಮೀನಿನ ಮುದ್ರೆ ಕೊಡುತ್ತಾರೆ. ಮುಂದಿನ ಉತ್ತರೆ ಮಳೆಗೆ ಹದಿನೆಂಟು ಹಳ್ಳಿಯೂ ಇರೋದಿಲ್ಲ. ಮಾರಕ್ಕ ನೀರಿನ ಕಡೆ ನೋಡಿದಳು. ಏರಿಯ ಒಳಮೈಗೆ ಮೆಟ್ಟಿಲು ಕಟ್ಟಿದ್ದರು. ಮೇಲಿನ ಮೂರು ಮೆಟ್ಟಿಲು ಮಾತ್ರ ಇನ್ನೂ ನೀರಿನಿಂದ ಹೊರಗಿದ್ದವು.

"ಬುದ್ಧಿ," ಅಂದಳು ಮೆಲ್ಲಗೆ, ದೊರೆಗೆ ಮಾತ್ರ ಕೇಳೋ ಹಾಗೆ. "ಬಾಗಿಲು ಮಾಡಿದವರೇ ಇದ್ದಾರೆ. ಅವರೇ ಮೀನಿನ ಮುದ್ರೆಯಲ್ಲಿ ತೆಗೀಲಿ. ನೀರು ಕೊನೇ ಮೆಟ್ಟಿಲು ಮುಟ್ಟಿದರೆ ಮರದ ಮುದ್ರೆ ನನ್ನ ಕೈಗೆ ಕೊಡಿ, ನಾನು ತೆಗೀತೀನಿ. ಆಮೇಲೆ ನನ್ನ ತಲೆ ತಗೊಳ್ಳಿ. ಅಲ್ಲೀವರೆಗೆ ಅವರನ್ನ ಹಲಗೆಯಿಂದ ಇಳಿಯೋಕೆ ಬಿಡಬೇಡಿ."

ಪೆಟ್ಟಿಗೆ ಇದ್ದದ್ದು ಬಾಗಿಲ ಮೇಲಿನ ಹಲಗೆಯ ತುದಿಯಲ್ಲಿ. ಏರಿ ಒಡೆದರೆ ಮೊದಲು ಹೋಗೋದು ಆ ಹಲಗೆ. ದೊರೆ ಅವಳ ಮುಖ ನೋಡಿದ. ಮರದ ಮುದ್ರೆಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡ. "ಕುಶಲಸೇನ, ಹತ್ತು. ಬಾಗಿಲು ಏಳುವವರೆಗೆ ಇಳಿಯೋ ಹಾಗಿಲ್ಲ," ಅಂದ. ಹಲಗೆಯ ಈ ತುದಿಗೆ ಇಬ್ಬರು ಸೈನಿಕರು ನಿಂತರು.

ಕುಶಲಸೇನ ಮೀನಿನ ಮುದ್ರೆ ಇಟ್ಟ. ಬಾಗಿಲು ಒಂದು ಗೇಣು ಎದ್ದಿತು, ನಿಂತಿತು. "ಕಸ ಸಿಕ್ಕಿಕೊಂಡಿದೆ," ಅಂದ. ನೀರು ಮೊದಲನೇ ಮೆಟ್ಟಿಲು ನುಂಗಿತು.

ಮುದ್ರೆ ತೆಗೆದು, ಒರೆಸಿ, ಮತ್ತೆ ಇಟ್ಟ. ಒಂದೇ ಗೇಣು. "ಮಳೆಗೆ ಗಾಲಿ ಬಿಗಿದಿದೆ," ಅಂದ. ನೀರು ಎರಡನೇ ಮೆಟ್ಟಿಲು ನುಂಗಿತು. ಏರಿಯ ಹೊರಮೈಯಲ್ಲಿ ಒಂದು ಕಡೆ ಮಣ್ಣು ಬೆವರಿದ ಹಾಗೆ ನೀರು ಜಿನುಗತೊಡಗಿತು. ಕೆಳಗೆ ತೂಬಿನಕೇರಿಯ ಜನ ಹಾಸಿಗೆ, ಪಾತ್ರೆ, ಕುರಿಮರಿ ಹೊತ್ತುಕೊಂಡು ದಿಬ್ಬದ ಕಡೆ ಓಡುತ್ತಿದ್ದರು. ಅವರ ನಡುವೆ ಒಬ್ಬಳು ತಲೆಗೆ ಬಟ್ಟೆ ಬಿಗಿದು, ಎದೆಗೆ ಕಂಬಳಿಯ ಗಂಟು ಅವಚಿಕೊಂಡು, ಓಡಲಾರದೆ ನಡೆಯುತ್ತಿದ್ದಳು. ಮಾರಕ್ಕನಿಗೆ ಆ ನಡಿಗೆ ಗೊತ್ತಾಯಿತು. ಕೂಗಬೇಕು ಅನ್ನಿಸಿತು. ತುಟಿ ಕಚ್ಚಿ ಹಿಡಿದಳು. ಕಟ್ಟಿದ ಹಗ್ಗ ಮಣಿಕಟ್ಟನ್ನು ಕೊಯ್ಯುತ್ತಿತ್ತು.

ಮೂರನೇ ಸಲ ಕುಶಲಸೇನ ಮುದ್ರೆ ಇಟ್ಟು ಪೆಟ್ಟಿಗೆಯನ್ನು ಮುಷ್ಟಿಯಿಂದ ಗುದ್ದಿದ. ಒಂದೇ ಗೇಣು. ಕಾಲ ಕೆಳಗೆ ಹಲಗೆ ನಡುಗಿತು. ಕೆಳಗೆ ನೋಡಿದ, ಹಿಂದೆ ನೋಡಿದ, ಸೈನಿಕರು ಅಲ್ಲಾಡಲಿಲ್ಲ. ಕೊನೇ ಮೆಟ್ಟಿಲ ಅಂಚಿಗೆ ನೀರು ನಾಲಿಗೆ ಚಾಚಿತು. ದೊರೆಯ ಮುಷ್ಟಿ ಬಿಚ್ಚತೊಡಗಿತು.

"ಎಲ್ಲರೂ ಆ ಕಡೆ ತಿರುಗಿ," ಅಂತ ಕುಶಲಸೇನ ಕಿರುಚಿದ. "ಇದು ವಿದ್ಯೆಯ ಗುಟ್ಟು, ನೋಡಬಾರದು."

ಯಾರೂ ತಿರುಗಲಿಲ್ಲ. ಅವನು ಶಾಲನ್ನು ಕೈ ಮೇಲೆ ಎಳೆದುಕೊಂಡ. ಶಾಲಿನೊಳಗೆ ಕೈ ಸೊಂಟಕ್ಕೆ ಹೋಯಿತು, ಗೂಡಿಗೆ ಹೋಯಿತು.

ಕೋಡಿ ಬಾಗಿಲು ಪೂರಾ ಎದ್ದಿತು.

ನೀರು ಹೋದ ಸದ್ದಿಗೆ ಏರಿಯೇ ಅದುರಿತು. ಸ್ವಲ್ಪ ಹೊತ್ತಿಗೆ ಕೊನೇ ಮೆಟ್ಟಿಲಿನಿಂದ ನೀರು ಇಳಿಯಿತು. ಆಮೇಲೆ ಎರಡನೆಯದು ಮೇಲೆದ್ದಿತು. ಕುಶಲಸೇನನ ಮುಖಕ್ಕೆ ಬಣ್ಣ ಬಂತು.

"ನೋಡಿದಿರಾ ಪ್ರಭು? ಮೀನಿಗೇ ತೆರೆಯಿತು."

"ಒಳ್ಳೇದಾಯ್ತು, ಸ್ವಾಮಿ," ಅಂದಳು ಮಾರಕ್ಕ. "ಇನ್ನು ಬನ್ನಿ, ಇಳೀರಿ. ನೆನೀತಾ ಇದ್ದೀರಿ."

ಕುಶಲಸೇನ ಇಳಿಯಲಿಲ್ಲ.

"ಮುದ್ರೆ ಅಲ್ಲೇ ಇರಲಿ ಸ್ವಾಮಿ, ಬಾಗಿಲು ತಾನೇ ನಿಂತಿರ್ತದೆ. ಶಾಲು ಹೊದ್ದು ಬನ್ನಿ."

ಕುಶಲಸೇನ ಆಗಲೂ ಇಳಿಯಲಿಲ್ಲ. ಮುದ್ರೆ ತೆಗೆದರೆ ಬಾಗಿಲು ಬೀಳುತ್ತದೆ, ಏರಿ ಒಡೆಯುತ್ತದೆ, ಮೊದಲು ಕೊಚ್ಚಿಹೋಗೋನು ತಾನು. ಬಿಟ್ಟು ಬಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈ ಆಡಿಸಲಾರದೆ, ಶಾಲು ಸರಿಸಲಾರದೆ, ಮಳೆಯಲ್ಲಿ ಹಾಗೇ ಬಗ್ಗಿ ನಿಂತ. ದೊರೆಗೆ ಅರ್ಥವಾಯಿತು. ತಾನೇ ಹಲಗೆಯ ಮೇಲೆ ನಡೆದು ಹೋಗಿ ಶಾಲು ಎತ್ತಿದ.

ಕುಶಲಸೇನನ ಎಡಗೈಯಲ್ಲಿ ಮೀನಿನ ಮುದ್ರೆ ಇತ್ತು. ಗೂಡಿನಲ್ಲಿ ಕೂತಿದ್ದದ್ದು ಬೆಳ್ಳಿಯ ಮುದ್ರೆ, ಅದರ ಬೆನ್ನಿನ ಮೇಲೂ ಕೊಕ್ಕರೆ. ದೊರೆ ತನ್ನ ಮುಷ್ಟಿ ಬಿಚ್ಚಿ ಮರದ ಮುದ್ರೆಯನ್ನು ಪಕ್ಕಕ್ಕೆ ಹಿಡಿದ. ಎರಡೂ ಒಂದೇ.

ಮಾರಕ್ಕನ ಹಗ್ಗವನ್ನು ದೊರೆಯೇ ಬಿಚ್ಚಿದ. ಅವಳು ದಿಬ್ಬದ ಕಡೆ ಓಡಿದಳು. ಕಂಬಳಿಯ ಗಂಟು ಬಿಚ್ಚಿ, ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಆಮೇಲೆ ಮಗಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಕುಶಲಸೇನ ಎಲ್ಲವನ್ನೂ ಒಪ್ಪಿಕೊಂಡ. ಕೋಡಿ ಬಾಗಿಲನ್ನು ಮೂಡಣ ದೊರೆಗೆ ಅಂತ ಮಾಡಿದ್ದ. ಆ ದೊರೆ ಬೇಡ ಅಂದಿದ್ದ. ಅದರ ಮೇಲಿನ ಕೊಕ್ಕರೆ ಉಜ್ಜಿ, ಮೀನು ಕೊರೆದು, ಇಲ್ಲಿಗೆ ತಂದಿದ್ದ.

"ಒಳಗಿನ ತಗಡು ಬದಲಾಯಿಸೋಕೆ ಎಷ್ಟು ದಿನ ಬೇಕಾಗಿತ್ತು?" ಅಂತ ದೊರೆ ಕೇಳಿದ.

ಕುಶಲಸೇನ ತಲೆ ತಗ್ಗಿಸಿದ. "ಮೂರು ದಿನ, ಪ್ರಭು."

"ಮೂರು ದಿನದ ಕೆಲಸಕ್ಕೆ ಹದಿನೆಂಟು ಹಳ್ಳಿ ಮುಳುಗಿಸುತ್ತಿದ್ದೆಯಲ್ಲ. ಯಾಕೆ ಮಾಡಲಿಲ್ಲ?"

"ಮಾಡಿದರೆ ತಪ್ಪಿತ್ತು ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು."

ದೊರೆ ಕತ್ತಿಗೆ ಕೈ ಹಾಕಿದ. ಅಷ್ಟರಲ್ಲಿ ಮಾರಕ್ಕ ಬಂದಳು. "ಅವರ ತಲೆ ತೆಗೆದರೆ ತಗಡು ಓದೋರು ಯಾರು, ಬುದ್ಧಿ? ಬಾಗಿಲು ಕೆಟ್ಟದ್ದಲ್ಲ. ಇವು ಬಂದ ಮೇಲೆ ಬಿರಡೆ ಎತ್ತೋಕೆ ಹೋಗಿ ಒಬ್ಬನೂ ಸತ್ತಿಲ್ಲ. ಮೊಹರು ಒಡೆಸಿ. ಏನು ತಪ್ಪಿದೆಯೋ ಅವರ ಕೈಯಲ್ಲೇ ತಿದ್ದಿಸಿ. ತಿದ್ದೋಕೆ ಆಗದ್ದನ್ನ ಕಲ್ಲಿನ ಮೇಲೆ ಬರೆಸಿ, ನನ್ನ ಹಿಂದೆ ಬರೋರಿಗೆ ತಿಳೀಲಿ."

ಹಾಗೇ ಆಯಿತು. ಕುಶಲಸೇನನ ಪೀಠ ಹೋಯಿತು, ಶಾಲು ಹೋಯಿತು. ಕೋಡಿಯ ಕೆಳಗೆ, ನೀರು ಮೊದಲು ನುಗ್ಗುವ ಜಾಗದಲ್ಲಿ, ಅವನಿಗೆ ಒಂದು ಗುಡಿಸಲು ಕಟ್ಟಿಸಿಕೊಟ್ಟರು. ಅಲ್ಲಿ ಮಲಗಿಕೊಂಡು ಅವನು ತಗಡು ತಿದ್ದಿದ, ಬಲು ಜಾಗ್ರತೆಯಿಂದ ತಿದ್ದಿದ. ಕೋಡಿ ಬಾಗಿಲು ಮೀನಿನ ಮುದ್ರೆಗೆ ಪೂರಾ ಎದ್ದಿತು. ಮುಳ್ಳೂ ಸರಿಹೋಯಿತು. ಆದರೂ ಗಳು ಕೀಳಬೇಡಿ ಅಂದಳು ಮಾರಕ್ಕ, ಯಾರೂ ಕೀಳಲಿಲ್ಲ. ನಡುತೂಬಿನದು ಮಾತ್ರ ಕುಶಲಸೇನನಿಗೂ ಬಗೆಹರಿಯಲಿಲ್ಲ. ಅಲ್ಲಿ ಒಂದು ಕಲ್ಲು ನೆಟ್ಟು, ತನ್ನ ಕೈಯಾರೆ ಉಳಿ ಹಿಡಿದು ಬರೆದ: "ಈ ತೂಬಿನಲ್ಲಿ ದೋಷ ಉಂಟು. ದೋಷ ನನ್ನದು. ಒಂದು ಸಲ ಎಳೆದ ಮೇಲೆ ಒಂದು ಬೀಸೋ ಕಲ್ಲಿನ ಪದ ಪೂರ್ತಿ ಹೇಳಿ, ಆಮೇಲೆ ಇನ್ನೊಂದು ಸಲ ಎಳೆಯಿರಿ."

ಕೇಳಿದಿರಲ್ಲ, ಇದರಿಂದ ತಿಳಿಯೋದು ಇಷ್ಟು. ತಪ್ಪು ಯಾರ ಕೈಯಲ್ಲೂ ಆಗುತ್ತದೆ, ದೊಡ್ಡ ವಿದ್ಯಾವಂತನ ಕೈಯಲ್ಲೂ ಆಗುತ್ತದೆ. ಆದ ತಪ್ಪನ್ನು ಮೊಹರು ಹಾಕಿ ಬಚ್ಚಿಟ್ಟವನು ಊರನ್ನೇ ಮುಳುಗಿಸುತ್ತಾನೆ. ಅದರ ಜೊತೆಗೇ ಏಗಿ, ನಾಲ್ಕು ಜನಕ್ಕೆ ದಾರಿ ಮಾಡಿಕೊಟ್ಟವರು ಊರನ್ನು ಉಳಿಸುತ್ತಾರೆ. ಪೆಟ್ಟಿಗೆ ಹೇಳಿದ್ದನ್ನು ಕೇಳಿ, ಬೇಡ ಅನ್ನೋದಿಲ್ಲ. ಆದರೆ ನೀರೆಷ್ಟಿದೆ ಅಂತ ಒಂದು ಸಲ ನೀವೇ ಅಳೆದು ನೋಡಿ.